ತಂತಿಯ ಮೇಲೆ ತೂಗಿದ ಬ್ರೇಕ್ ಪೈಪು

ನಮ್ಮ ಲಾರಿ ಶೆಡ್ಡಿನ ಹಿಂಭಾಗದಲ್ಲಿ ಬಟ್ಟೆ ಒಣಹಾಕುವ ತಂತಿಯೊಂದಿದೆ. ಅದರ ಮೇಲೆ ಉಡುವ ಬಟ್ಟೆ ತೂಗಿದ್ದನ್ನು ಕಂಡವರು ಕಡಿಮೆ. ಟ್ಯೂಬಿನಿಂದ ಕುಯ್ದ ರಬ್ಬರ್ ಬಳೆಗಳು, ತೊಳೆದ ಒರಸುಚಿಂದಿ, ಟಾರ್ಪಾಲಿನ ತೇಪೆ, ಎಣ್ಣೆ ಬಸಿಯಲೆಂದು ತಲೆಕೆಳಗಾಗಿ ಕಟ್ಟಿದ ಡಬ್ಬ, ರಬ್ಬರ್ ಪೈಪು, ಹೀಗೆ ಅಲ್ಲಿ ತೂಗುವುದೆಲ್ಲ ಲಾರಿಯದೇ. ಸರಕು ಹಾಕಿಸಲು ಬಂದ ವ್ಯಾಪಾರಿಯೊಬ್ಬ ಅದನ್ನು ನೋಡಿ, “ಏನ್ರೀ ಇದು, ನಿಮ್ಮ ಲಾರಿಗಳು ಸ್ನಾನ ಮಾಡಿ ಬಟ್ಟೆ ಬದಲಾಯಿಸ್ತವಾ?” ಅಂದಿದ್ದ.

ವಯಸ್ಸಿನ ಭೇದವಿಲ್ಲದೆ ಶೆಡ್ಡಿನವರೆಲ್ಲ ಗುಜರಿ ಅಕ್ಕ ಎಂದು ಕರೆಯುವವಳು ಕತ್ತರಿಯಿಂದ ಕಣ್ಣೆತ್ತದೆ ಹೇಳಿದ್ದಳು. “ಹೌದಣ್ಣ. ನಿಮ್ಮನೇಲಿ ಮಾಡಲ್ವಾ?”

ಆ ವ್ಯಾಪಾರಿ ಅಂದಿನಿಂದ ಇಂದಿನವರೆಗೆ ಬೇರೆಯವರ ಲಾರಿಗೆ ಸರಕು ಹಾಕಿಲ್ಲ. ಮಾತು ಬಲ್ಲವಳ ಮುಂದೆ ಸೋತವನಿಗೆ ಅವಮಾನವಿಲ್ಲ.

ಅವಳು ಶೆಡ್ಡಿಗೆ ಬಂದದ್ದು ಕೆಲಸಕ್ಕಲ್ಲ, ಸೊಸೆಯಾಗಿ. ಗಂಡ ನಮ್ಮ ಮೇಸ್ತ್ರಿ. ಇಂಜಿನ್ನಿನ ಮುಂದೆ ಕೂತನೆಂದರೆ ಕಿವಿಯ ಬಳಿ ಡೋಲು ಬಾರಿಸಿದರೂ ತಿರುಗಿ ನೋಡದ ಮನುಷ್ಯ. ಅವನ ಅಣ್ಣನೇ ಲಾರಿಗಳ ಯಜಮಾನರು. ಮುಂದೆ ಮನೆ, ಹಿಂದೆ ಶೆಡ್ಡು, ನಡುವೆ ಒಂದು ಗೋಡೆ, ಗೋಡೆಗೊಂದು ಮೋಟು ಬಾಗಿಲು. ಆ ಬಾಗಿಲು ದಾಟಿ ಮನೆಯ ಹೆಂಗಸರು ಈಚೆ ಬರುತ್ತಿರಲಿಲ್ಲ. ಬರುವಂಥ ಜಾಗವೂ ಅದಾಗಿರಲಿಲ್ಲ ಅನ್ನಿ. ಇಂಜಿನ್ನಿನ ಹಳೆಯ ಆಯಿಲನ್ನು ನೆಲಕ್ಕೇ ಸುರಿಯುತ್ತಿದ್ದೆವು. ನೆಲ ಕುಡಿದು ಕುಡಿದು ಸಾಕಾಗಿ, ಮಳೆ ಬಂದಾಗ ವಾಪಸ್ಸು ಉಗುಳುತ್ತಿತ್ತು. ಸವೆದ ಟೈರುಗಳನ್ನು ಮೂಲೆಗೆ ಒಟ್ಟಿ, ರಾಶಿ ಗೋಡೆಯೆತ್ತರಕ್ಕೆ ಬಂದ ಕೂಡಲೇ ಬೆಂಕಿ ಕೊಡುತ್ತಿದ್ದೆವು. ಟೈರಿನ ಉಸ್ತುವಾರಿ ನನ್ನದಾಗಿದ್ದರಿಂದ ಕಡ್ಡಿ ಗೀರುತ್ತಿದ್ದವನೂ ನಾನೇ. ಆಗ ಅದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ. ಕಸ ಅಂದರೆ ಸುಡುವುದು, ಎಣ್ಣೆ ಅಂದರೆ ಚೆಲ್ಲುವುದು, ಅಷ್ಟೇ ಲೋಕ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಒಗೆದು ಒಣಹಾಕಿದ ಬಿಳಿ ಹೊದಿಕೆ ಸಂಜೆಯ ಹೊತ್ತಿಗೆ ಕಾಗೆಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಕೇಳಿದರಂತೆ. “ನಿಮ್ಮಮ್ಮ ಬಟ್ಟೆ ಒಗೆಯೋದು ಕಲಿಸ್ಲಿಲ್ವಾ ನಿಂಗೆ?”

ತಾಯಿ ಕಲಿಸುವಷ್ಟು ದಿನ ಬದುಕಿರಲಿಲ್ಲ. ಸೊಸೆ ಅದನ್ನು ಹೇಳಲಿಲ್ಲ. ಹೊದಿಕೆಯನ್ನು ತಂತಿಯ ಸಮೇತ ಬಿಚ್ಚಿಕೊಂಡು, ಮೋಟು ಬಾಗಿಲು ದಾಟಿ ಬಂದು, ಟೈರು ಉರಿಯುತ್ತಿದ್ದ ಮೂಲೆಯೆದುರು ಎರಡು ಕಂಬಕ್ಕೆ ತಂತಿ ಕಟ್ಟಿ ಹೊದಿಕೆಯನ್ನು ಹರವಿದಳು. ನಾವೆಲ್ಲ ಬಾಯಿ ತೆರೆದುಕೊಂಡು ನಿಂತಿದ್ದೆವು. ಯಜಮಾನರು ಹೊರಗೆ ಬಂದರು.

“ಏನಮ್ಮ ಇದು?”

“ಒಗೆದದ್ದು ನಾನು ಭಾವ, ಬಣ್ಣ ಹಾಕಿದ್ದು ಇವ್ರು. ಅತ್ತೆ ಬಂದು ನೋಡ್ಲಿ, ಆಮೇಲೆ ಯಾರಿಗೆ ಬೈಬೇಕೋ ಬೈಲಿ.”

ಅತ್ತೆ ಬಂದರು, ನೋಡಿದರು. ಬೈದದ್ದು ನನಗೆ. ಆ ತಂತಿ ಮತ್ತೆ ಮನೆಯ ಕಡೆ ಹೋಗಲಿಲ್ಲ. ಅವಳೂ ಅಷ್ಟೇ.

ಅಲ್ಲಿಂದ ಶುರುವಾದದ್ದು ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು ಟೈರಿನ ರಾಶಿಗೆ ಕೈ ಹಾಕಿದಳು. ಒಡಲು ಗಟ್ಟಿಯಿದ್ದವನ್ನು ಬೇರೆ ಮಾಡಿಸಿ, ಮೇಲೆ ಹೊಸ ರಬ್ಬರ್ ಪಟ್ಟಿ ಹಾಕಿಸಲು ಕಳಿಸಿದಳು. ಆಮೇಲೆ ಟ್ಯೂಬು. ಒಡೆದ ಟ್ಯೂಬನ್ನು ಅಡ್ಡ ಕುಯ್ದರೆ ಬಳೆ, ಉದ್ದ ಕುಯ್ದರೆ ಪಟ್ಟಿ. ಟಾರ್ಪಾಲು ಬಿಗಿಯಲು ಹಗ್ಗಕ್ಕಿಂತ ಆ ಪಟ್ಟಿಯೇ ವಾಸಿಯೆಂದು ಡ್ರೈವರುಗಳು ತಾವಾಗಿ ಕೇಳಿ ಪಡೆಯತೊಡಗಿದರು. ಹಳೆಯ ಆಯಿಲಿಗೆ ಮುಚ್ಚಳವಿರುವ ಪೀಪಾಯಿ ಬಂತು. ಅದನ್ನು ಸೋಸಿ ಶುದ್ಧ ಮಾಡುವವರು ತುಂಬಿಸಿಕೊಂಡು ಹೋಗತೊಡಗಿದರು. ಸರಕಿನ ಜೊತೆ ಬಂದು ಮುರಿದ ಮರದ ಚೌಕಟ್ಟುಗಳು ಮತ್ತೆ ಚೌಕಟ್ಟುಗಳಾಗಿ ಸರಕಿನ ಕೆಳಗೆ ಹೋದವು. ಒರಸುಚಿಂದಿಯನ್ನು ಒಂದು ಸಲ ಒರೆಸಿ ಬಿಸಾಡುವ ಚಾಳಿ ಬಿಡಿಸಲು ಮಾತ್ರ ಅವಳಿಗೆ ವರ್ಷಗಳೇ ಬೇಕಾದವು. ಗ್ರೀಸು ಹತ್ತಿದ ಚಿಂದಿಯನ್ನು ಎಸೆದವನ ಹಿಂದೆಯೇ ಹೋಗಿ, ಅದನ್ನೆತ್ತಿ ಅವನ ಹೆಗಲಿಗೆ ಹಾಕಿ ಬರುತ್ತಿದ್ದಳು. ಮೇಸ್ತ್ರಿಯ ಅಂಗಿಗಳೆಲ್ಲ ಹಾಗೆಯೇ ಹಾಳಾದವು.

“ಗಂಡನ್ನೂ ಒಂದು ದಿನ ಗುಜರಿಗೆ ಹಾಕ್ತೀಯಾ ನೀನು,” ಎಂದು ಅವನು ಗೊಣಗಿದರೆ, “ನಿಮ್ಮ ಒಡಲು ಇನ್ನೂ ಗಟ್ಟಿ ಇದೆ, ಮೇಲೆ ಪಟ್ಟಿ ಹಾಕಿಸಿದ್ರೆ ಸಾಕು,” ಅನ್ನುವಳು.

ಬೈದಿದ್ದ ಅತ್ತೆಯೇ ಕೊನೆಗೆ ಮೋಟು ಬಾಗಿಲ ಬಳಿ ಚಾಪೆ ಹಾಸಿಕೊಂಡು ಕತ್ತರಿ ಹಿಡಿದು ಕೂತರು. ಅತ್ತೆ ಸೊಸೆ ಜಗಳವಾಡುತ್ತಲೇ ಟ್ಯೂಬು ಕುಯ್ಯುವರು. ಜಗಳ ಜೋರಾದ ದಿನ ಪಟ್ಟಿ ನೇರವಾಗಿ ಬರುತ್ತಿತ್ತು.

ಇಷ್ಟೆಲ್ಲ ಉಳಿಸುವ ಹೆಂಗಸು ಒಂದು ವಿಷಯದಲ್ಲಿ ಮಾತ್ರ ಕಟುಕಿ. ಬ್ರೇಕಿಗೆ, ಸ್ಟೇರಿಂಗಿಗೆ, ಚಕ್ರದ ಅಚ್ಚಿಗೆ ಸೇರಿದ ಯಾವ ಭಾಗ ಸವೆದರೂ ಅದಕ್ಕೆ ಎರಡನೇ ಜನ್ಮವಿಲ್ಲ. ಗರಗಸ ತೆಗೆದುಕೊಂಡು ನಡುವಿಗೆ ಕುಯ್ದು ಎರಡು ತುಂಡು ಮಾಡಿಯೇ ಗುಜರಿಗೆ ಹಾಕುವಳು. ಇದಕ್ಕೂ ಕಾರಣವಿತ್ತು. ಒಮ್ಮೆ ಯಜಮಾನರು ಪೇಟೆಯಿಂದ ಬ್ರೇಕಿನ ಭಾಗವೊಂದನ್ನು ಹೊಸದೆಂದು ತಂದರು. ಅದರ ಮೂಲೆಯಲ್ಲಿದ್ದ ತಗ್ಗು ನೋಡಿ ಮೇಸ್ತ್ರಿ ನಕ್ಕುಬಿಟ್ಟ. ಅವನೇ ಸುತ್ತಿಗೆ ಜಾರಿಸಿ ಮಾಡಿದ್ದ ತಗ್ಗು! ನಾವು ಗುಜರಿಗೆ ಹಾಕಿದ್ದು ತೊಳೆದು ಬಣ್ಣ ಬಳಿಸಿಕೊಂಡು ತವರಿಗೆ ವಾಪಸ್ಸು ಬಂದಿತ್ತು. ಎಲ್ಲರೂ ನಕ್ಕೆವು, ಅವಳು ನಗಲಿಲ್ಲ.

“ನಮ್ಮ ಕಣ್ಣಿಗೆ ಬಿತ್ತು ಸರಿ. ಬೇರೆಯವ್ರ ಗಾಡಿಗೆ ಹೋಗಿದ್ರೆ? ಸಾಯಬೇಕಾದ್ದು ನಮ್ಮ ಕೈಯಲ್ಲೇ ಸಾಯ್ಲಿ,” ಅಂದಳು.

ತಂತಿಗೂ ಅಂದೇ ಕಾನೂನು ಬಂತು. ಗೇಟಿನ ಕಡೆ ತೂಗಿದ್ದು ಬದುಕುವಂಥದ್ದು, ಯಾರು ಬೇಕಾದರೂ ತೆಗೆದು ಗಾಡಿಗೆ ಹಾಕಬಹುದು. ಗೋಡೆಯ ಕಡೆ ತೂಗಿದ್ದು ಸಾಯುವಂಥದ್ದು, ಮುಟ್ಟಬಾರದು. ಮಣ್ಣು ಗ್ರೀಸು ಇದ್ದರೆ ಗರಗಸದ ಬ್ಲೇಡು ಬೇಗ ಮೊಂಡಾಗುತ್ತದೆಂದು, ಸಾಯುವ ಮಾಲನ್ನೂ ಅವಳು ತೊಳೆದು ತೂಗುಹಾಕಿ ಆಮೇಲೆ ಕುಯ್ಯುತ್ತಿದ್ದಳು. ಬ್ರೇಕಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ತುದಿಗಳಲ್ಲಿ ಹಿತ್ತಾಳೆ ಇರುತ್ತದೆ. ಅದನ್ನು ಬಿಡಿಸಿ ಬೇರೆ ಡಬ್ಬಕ್ಕೆ, ರಬ್ಬರು ಬೇರೆ ಚೀಲಕ್ಕೆ. ಅವಳ ತಂತಿಯನ್ನು ಎಲ್ಲರೂ ಕಣ್ಣು ಮುಚ್ಚಿಕೊಂಡು ನಂಬುತ್ತಿದ್ದರು. ಎಡವಟ್ಟಾದದ್ದು ಅಲ್ಲಿಯೇ.

ಅವಳಿಗೊಬ್ಬ ತಮ್ಮ. ಆಳೆತ್ತರ, ಬಾಗಿಲಗಲ, ಹುರಿ ಮಾಡಿದ ಮೀಸೆ. ಹೆಸರು ಮಾತ್ರ ಪಾಪು. ತೊಟ್ಟಿಲಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡವನನ್ನು ಅಕ್ಕನೇ ಸಾಕಿದ್ದಳು, ಆಗ ಕರೆದ ಹೆಸರು ಹಾಗೇ ಉಳಿಯಿತು. ನಮ್ಮದೇ ಲಾರಿ ಓಡಿಸುತ್ತಿದ್ದ. ಓಡಿಸುವಾಗ ಫೋನು ಮುಟ್ಟುವುದಿಲ್ಲವೆಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳು. ಶೆಡ್ಡು ಬಿಟ್ಟನೆಂದರೆ ಅವನ ಫೋನು ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ಸೇರುತ್ತಿತ್ತು. ಅವನು ಹೋಗುವ ದಾರಿಯಲ್ಲಿ ಒಂದು ಗುಡ್ಡ. ಈಚೆ ಏರು, ಆಚೆ ತಿರುವು ತಿರುವಾದ ಉದ್ದನೆಯ ಇಳುಕಲು. ಇಳುಕಲಿನ ನೆತ್ತಿಯ ಮೇಲೆ ಪಂಕ್ಚರ್ ತಾತನ ಗೂಡಂಗಡಿ. ಅಕ್ಕ ಟ್ಯೂಬಿನ ಒಳ್ಳೆಯ ಭಾಗವನ್ನು ಕುಯ್ದು ಉಜ್ಜಿ ಮಾಡಿದ ತೇಪೆಗಳ ಗಂಟನ್ನು ಪಾಪು ಹೋಗುವಾಗೆಲ್ಲ ಆ ತಾತನಿಗೆ ಕೊಟ್ಟು ಹೋಗುವುದು ವಾಡಿಕೆ.

ಒಂದು ಸಲ ಮಳೆ ಹಿಡಿದು ಚಿಂದಿಗಳೆಲ್ಲ ಒಗೆಯದೆ ರಾಶಿ ಬಿದ್ದಿದ್ದವು. ಬಿಸಿಲು ಬಂದ ದಿನ ಅಕ್ಕ ಎಲ್ಲವನ್ನೂ ಒಟ್ಟಿಗೆ ಒಗೆದಳು. ತಂತಿಯಲ್ಲಿ ಜಾಗ ಸಾಲಲಿಲ್ಲ. ಗೋಡೆಯ ಕಡೆ ತೂಗಿದ್ದ ಒಂದು ಜೊತೆ ಸತ್ತ ಬ್ರೇಕ್ ಪೈಪುಗಳನ್ನು ಗೇಟಿನ ಕಡೆಗೆ ಒತ್ತರಿಸಿ, ಆ ಜಾಗದಲ್ಲಿ ಚಿಂದಿ ಹರವಿದಳು. ಇನ್ನೊಂದು ಗಳಿಗೆಗೆ ಕುಯ್ಯುವುದೇ ತಾನೇ ಅನ್ನುವ ಲೆಕ್ಕ. ಅಷ್ಟರಲ್ಲಿ ಒಳಗೆ ಅತ್ತೆಗೆ ಕೆಮ್ಮು ಹತ್ತಿ ಉಸಿರು ಸಿಕ್ಕಿಕೊಂಡಿತು. ಗರಗಸ ಕೆಳಗಿಟ್ಟು ಓಡಿದವಳು ಅತ್ತೆಯ ಬೆನ್ನು ನೀವುತ್ತ ಅಲ್ಲೇ ಉಳಿದಳು. ಸಂಜೆ ಮೇಸ್ತ್ರಿ ಪಾಪುವಿನ ಲಾರಿಯ ಮುಂದಿನ ಚಕ್ರದ ಬ್ರೇಕ್ ಪೈಪು ಗಾಳಿ ಬಿಡುತ್ತಿದ್ದುದನ್ನು ಕಂಡ. ಬದಲಿಗೆ ಪೈಪು ಹುಡುಕಿದಾಗ ಗೇಟಿನ ಕಡೆ ತಂತಿಯಲ್ಲಿ ಫಳಫಳ ಹೊಳೆಯುವ ಒಂದು ಜೊತೆ ಕಂಡಿತು. ಸವೆಯದ್ದನ್ನೇ ತೊಳೆದು ತೂಗಿರಬೇಕೆಂದು ಒಂದನ್ನು ತೆಗೆದು ಹಾಕಿದ. ಕಾನೂನಿನ ಪ್ರಕಾರ ಅವನು ಮಾಡಿದ್ದು ಸರಿಯೇ.

ಬೆಳಗ್ಗೆ ಪಾಪು ಕಬ್ಬಿಣದ ಸರಕು ಹೇರಿಕೊಂಡು ಹೊರಟುಹೋದ. ಅಕ್ಕ ಬಂದು ಒಣಗಿದ ಚಿಂದಿ ಮಡಚಿಟ್ಟು, ಗರಗಸ ಹಿಡಿದು ತಂತಿಯ ಕಡೆ ತಿರುಗಿದಳು. ಜೊತೆಯಲ್ಲಿ ಒಂದೇ ಪೈಪಿತ್ತು.

“ರೀ, ಇಲ್ಲಿ ತೂಗ್ತಿದ್ದ ಪೈಪೆಲ್ಲಿ?”

ಮೇಸ್ತ್ರಿ ಯಾವುದೋ ಗಾಡಿಯ ಅಡಿಯಿಂದಲೇ ಹೇಳಿದ. “ನಿನ್ ತಮ್ಮನ ಗಾಡಿಗೆ ಹಾಕ್ದೆ. ಯಾಕೆ?”

ಗರಗಸ ಬಿದ್ದ ಸದ್ದು ಕೇಳಿ ಅವನು ಹೊರಗೆ ತೆವಳಿ ಬಂದ. ಅವಳು ಉಳಿದ ಪೈಪನ್ನು ತಂತಿಯಿಂದ ಕಿತ್ತು ಅವನ ಕೈಗಿಟ್ಟಳು.

“ಅದು ಸತ್ತದ್ದು ರೀ. ಗೋಡೆ ಕಡೇದು. ನಾನೇ ಈಚೆ ಹಾಕಿದ್ದೆ.”

ಮೇಸ್ತ್ರಿ ಉಳಿದಿದ್ದ ಜೊತೆಯ ಪೈಪನ್ನು ಬಾಯಿಗಿಟ್ಟು ಊದಿದ. ಗಾಳಿ ಆಚೆ ಹೋಗಲಿಲ್ಲ. ಒಳಗಿನ ರಬ್ಬರು ಪದರ ಬಿಟ್ಟು ಊದಿಕೊಂಡಿತ್ತು. ಸಮನೆಲದಲ್ಲಿ ಅಂಥ ಪೈಪು ಹೇಗೋ ಕಾಲ ತಳ್ಳುತ್ತದೆ. ಇಳುಕಲಿನಲ್ಲಿ ತಿರುವಿಗೊಮ್ಮೆ ಬ್ರೇಕು ಒತ್ತಬೇಕು. ಹಾಗೆ ಒತ್ತುವಾಗ ಅದು ಕಟ್ಟಿಕೊಂಡರೆ, ಇಲ್ಲವೇ ಸಿಡಿದರೆ, ಕಬ್ಬಿಣ ಹೊತ್ತ ಗಾಡಿಯನ್ನು ದೇವರೇ ಹಿಡಿಯಬೇಕು. ಇದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಾಪುವಿನ ಫೋನಿಗೆ ಮಾಡಿದೆವು. ಆಣೆ ಪಾಲಿಸುವ ತಮ್ಮ, ಫೋನು ಸತ್ತು ಮಲಗಿತ್ತು. ಪಂಕ್ಚರ್ ತಾತನಿಗೆ ಮಾಡಿದೆವು. ಗಂಟೆ ಹೊಡೆಯಿತು, ಎತ್ತಲಿಲ್ಲ. ಗಾಳಿ ಮೆಷಿನ್ನು ಶುರು ಮಾಡಿದರೆ ಆ ಪುಣ್ಯಾತ್ಮನಿಗೆ ಸಿಡಿಲು ಹೊಡೆದರೂ ಕೇಳಿಸದು.

“ತಾತನ ಹತ್ರ ನಿಂತೇ ನಿಲ್ತಾನೆ ಅವನು, ಗಂಟು ಕೊಡ್ಬೇಕಲ್ಲ,” ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. “ಬನ್ನಿ, ಹೊರಡೋಣ.”

ಮೇಸ್ತ್ರಿ ಹೊಸ ಪೈಪು, ನಟ್ಟು ಬಿಚ್ಚುವ ಪಾನಾ ಹಿಡಿದು ಬಂದ. ನಾನು ಸಣ್ಣ ವ್ಯಾನು ತೆಗೆದೆ. ಗೇಟು ದಾಟುವಾಗ ಅವಳು, “ಅಯ್ಯೋ!” ಎಂದು ಚೀರಿದಳು. ಗೇಟಿನ ಮೊಳೆಗೆ ತೇಪೆಯ ಗಂಟು ನೇತಾಡುತ್ತಿತ್ತು. ಪಾಪು ಮರೆತು ಹೋಗಿದ್ದ. ತಾತನ ಬಳಿ ನಿಲ್ಲಲು ಅವನಿಗಿದ್ದ ಒಂದು ನೆಪವೂ ಇಲ್ಲೇ ಉಳಿದಿತ್ತು. ಕೈ ಚಾಚಿ ಗಂಟನ್ನು ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು. ಯಾಕೆ ಕಿತ್ತುಕೊಂಡಳೋ ಅವಳಿಗೂ ತಿಳಿದಿರಲಿಲ್ಲ.

ದಾರಿಯುದ್ದಕ್ಕೂ ಗಂಡಹೆಂಡತಿಯದು ಒಂದೇ ಜಗಳ.

“ಹಾಕೋಕೆ ಮುಂಚೆ ಊದಿ ನೋಡ್ಬೇಕಿತ್ತು ನಾನು.”

“ನೀವ್ಯಾಕೆ ಊದ್ತೀರಿ? ತಂತಿ ಮೇಲಿದ್ರೆ ಸರಿ ಇದೆ ಅಂತ ಹೇಳಿದ್ದು ನಾನು. ಕುಯ್ಯಬೇಕಿತ್ತು ನಾನು.”

“ಅಮ್ಮಂಗೆ ಉಸಿರು ಕಟ್ಟಿತ್ತು, ಬಿಟ್ಟು ಕುಯ್ತಾ ಕೂರ್ತಿದ್ಯಾ?”

“ಈಗ ಯಾರಿಗೆ ಉಸಿರು ಕಟ್ತಿದೆ?”

ಆಸ್ತಿಗೆ ಬಡಿದಾಡುವ ದಾಯಾದಿಗಳನ್ನು ನೋಡಿದ್ದೇನೆ. ತಪ್ಪು ನನ್ನ ಪಾಲಿಗೇ ಬರಲಿ ಎಂದು ಬಡಿದಾಡಿದವರನ್ನು ಕಂಡದ್ದು ಆ ವ್ಯಾನಿನಲ್ಲಿ ಮಾತ್ರ. ಇಬ್ಬರ ನಡುವೆ ಬಾಯಿ ಹಾಕದೆ ನಾನು ವ್ಯಾನಿನ ಕಿವಿ ಹಿಂಡಿದೆ. ಏರಿನಲ್ಲಿ ಭಾರದ ಗಾಡಿ ಬಸವನಹುಳು, ಹಿಡಿದೇ ಹಿಡಿಯುತ್ತೇನೆ ಎಂಬ ಧೈರ್ಯವಿತ್ತು. ಏರು ಮುಗಿಯುತ್ತ ಬಂದರೂ ಮುಂದೆ ಪಾಪುವಿನ ಗಾಡಿ ಕಾಣದೆ ಹೋದಾಗ ಆ ಧೈರ್ಯ ತಳ ಒಡೆದ ಕೊಡದಂತೆ ಸೋರಿಹೋಯಿತು. ಅಕ್ಕ ಗಂಟನ್ನು ಹಿಂಡುತ್ತ ಕಣ್ಣು ಮುಚ್ಚಿ ಕೂತಿದ್ದಳು.

ಕೊನೆಯ ತಿರುವು ತಿರುಗಿದೆ. ತಾತನ ಗೂಡಂಗಡಿ ಕಂಡಿತು. ಅದರ ಪಕ್ಕ ನಮ್ಮ ಲಾರಿಯ ಹಿಂಬಾಗಿಲು ಕಂಡಿತು. ಬಿಗಿದಿದ್ದ ಟ್ಯೂಬಿನ ಪಟ್ಟಿಗಳೂ ಕಂಡವು.

“ಕಣ್ಣು ಬಿಡಮ್ಮ ತಂಗಿ,” ಅಂದೆ.

ನಾನು ಪೂರ್ತಿ ನಿಲ್ಲಿಸುವ ಮುಂಚೆಯೇ ಅವಳು ಇಳಿದು ಓಡಿದ್ದಳು. ಲಾರಿಯ ಮರೆಯಲ್ಲಿ ಪಾಪು ನೆಲಕ್ಕೆ ಕೂತಿದ್ದ. ಕಾಲ ನಡುವೆ ಹರಿದ ಟ್ಯೂಬು, ಕೈಯಲ್ಲಿ ಕತ್ತರಿ. ಮೀಸೆಯ ಕೆಳಗಿಂದ ನಾಲಿಗೆ ಚಾಚಿಕೊಂಡು, ಚಿತ್ರ ಬರೆಯುವ ಮಗುವಿನ ಹಾಗೆ ದುಂಡಗೆ ತೇಪೆ ಕುಯ್ಯುತ್ತಿದ್ದ. ಅಕ್ಕನ ಕೈ ಅವನ ಬೆನ್ನಿಗೆ ಧಡ್ ಎಂದು ಬಿತ್ತು. ಮತ್ತೆ ಬಿತ್ತು. ಆಮೇಲೆ ಅದೇ ಕೈ ಅವನ ಕುತ್ತಿಗೆ ಸುತ್ತಿಕೊಂಡಿತು.

“ಏನಕ್ಕ? ಒಂದು ಗಂಟು ತೇಪೆ ಮರೆತಿದ್ದಕ್ಕೆ ಇಷ್ಟು ದೂರ ಬಂದು ಹೊಡಿತೀಯಾ?”

ಪಂಕ್ಚರ್ ತಾತ ತನ್ನ ಗಾಳಿ ಮೆಷಿನ್ನು ನಿಲ್ಲಿಸಿ ಎದ್ದು ಬಂದ. “ಹೊಡಿಯಮ್ಮ, ಇನ್ನೂ ಹೊಡಿ. ಗಂಟು ಮರೆತೆ ತಾತ, ಅಂತ ಹೇಳಿ ಹೋಗೋಣ ಅಂತ ನಿಲ್ಸಿದ್ನಂತೆ. ದೊಡ್ಡ ಮನುಷ್ಯ! ನಿಮ್ಮ ತೇಪೆ ನಂಬ್ಕೊಂಡು ನಾನಿಲ್ಲಿ ಬರಿಗೈಲಿ ಕೂತಿದೀನಿ, ಗಿರಾಕಿ ಗಾಡಿ ಗಾಳಿ ಇಲ್ದೆ ನಿಂತಿದೆ. ಹಾಗೆ ಬಿಡ್ತೀನಾ? ಕೂತ್ಕೊ, ಕುಯ್ದು ಕೊಟ್ಟು ಹೋಗು ಅಂದೆ.”

“ಅಕ್ಕನ ಹಾಗೆ ದುಂಡಗೆ ಬರ್ಲಿಲ್ಲ ಅಂತ ಎಲ್ಲಾ ವಾಪಸ್ ಕೊಡ್ತಾನಕ್ಕ ಈ ಮುದುಕ. ಬೆಳಗ್ಗೆಯಿಂದ ಇದೇ ಆಯ್ತು.”

“ಬರ್ಲಿಲ್ಲ ಮತ್ತೆ! ಇದೇನು ತೇಪೆಯೋ, ಇಲಿ ಕಚ್ಚಿದ ರೊಟ್ಟಿಯೋ?”

ನಾನು ತಾತನ ಕಾಲಿಗೆ ಬಿದ್ದುಬಿಡುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಕಿರಿಯನೆಂದು ನೆನಪಾಗಿ ಸುಮ್ಮನಾದೆ.

ಮೇಸ್ತ್ರಿ ಆಗಲೇ ಲಾರಿಯಡಿ ಸೇರಿದ್ದ. ಬಿಚ್ಚಿದ ಪೈಪನ್ನು ಈಚೆ ನೀಡಿದ ಕೂಡಲೇ ಅಕ್ಕ ತಾತನ ಗರಗಸ ಕಿತ್ತುಕೊಂಡು, ರಸ್ತೆ ಪಕ್ಕದ ಕಲ್ಲಿನ ಮೇಲೆ ಪೈಪನ್ನಿಟ್ಟು, ಮೊಣಕಾಲಿನಿಂದ ಒತ್ತಿ ಹಿಡಿದು ಕುಯ್ದಳು. ಯಾರ ಮಾತಿಗೂ ಕಾಯಲಿಲ್ಲ. ತುಂಡಾದ ಮೇಲೆ ತಮ್ಮನ ಮುಂದೆ ಹಿಡಿದಳು. ಹೊರಗೆ ಕನ್ನಡಿಯಂಥ ಹೊಳಪು. ಒಳಗೆ ರಬ್ಬರು ಬಾತುಕೊಂಡು, ಸೂಜಿ ತೂರುವಷ್ಟೇ ದಾರಿ ಉಳಿದಿತ್ತು.

ಪಾಪು ಅದನ್ನು ನೋಡಿದ. ತಲೆ ಎತ್ತಿ ಇಳುಕಲಿನ ಕಡೆ ನೋಡಿದ. ಬೆಳಗ್ಗೆಯಿಂದ ಬೈಸಿಕೊಂಡ ಮುದುಕನ ಬಳಿ ಹೋಗಿ, ಕತ್ತರಿ ಎತ್ತಿಕೊಂಡು, “ತಾತ, ಇನ್ನೆಷ್ಟು ಕುಯ್ಯಲಿ ಹೇಳು,” ಅಂದ.

“ಸಾಕು ಹೋಗೋ, ಇರೋ ಟ್ಯೂಬ್ ಹಾಳು ಮಾಡ್ಬೇಡ,” ಅಂದ ತಾತ.

ಅಕ್ಕ ಅಷ್ಟರಲ್ಲಿ ಪೈಪಿನ ಎರಡು ತುದಿಯ ಹಿತ್ತಾಳೆಯನ್ನು ತಿರುಚಿ ಬಿಡಿಸಿ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ತಾತ ಕಂಡುಬಿಟ್ಟ. “ಹೋದ ಜೀವ ಬಂದಿರೋ ಗಳಿಗೆಯಲ್ಲೂ ಹಿತ್ತಾಳೆ ಬಿಡಲ್ವಲ್ಲಮ್ಮ ನೀನು!”

ಅವಳು ತನ್ನ ಕೈಯನ್ನು ತಾನೇ ನೋಡಿಕೊಂಡಳು. ನಕ್ಕಳು. ನಗು ತಡೆಯಲಾಗದೆ ಅದೇ ಕಲ್ಲಿನ ಮೇಲೆ ಕೂತಳು. ನಗುನಗುತ್ತಲೇ ಕಣ್ಣಲ್ಲಿ ನೀರು ಧಾರೆಗಟ್ಟಿತು. ಮೇಸ್ತ್ರಿ ಲಾರಿಯಡಿಯಿಂದ ಬಂದವನು ಏನು ಮಾಡಬೇಕೆಂದು ತೋಚದೆ ಹೆಗಲ ಮೇಲಿದ್ದ ಚಿಂದಿಯನ್ನು ಕೊಟ್ಟ. ಅವಳು ಅದರಲ್ಲೇ ಮುಖ ಒರೆಸಿಕೊಂಡಳು. ಮುಖದ ತುಂಬ ಗ್ರೀಸಾಯಿತು. ತಮ್ಮ ಬಾಯಿ ಮುಚ್ಚಿಕೊಂಡು ನಕ್ಕ. “ಒಗೆದ ಚಿಂದಿ ಕೊಡೋದಲ್ವಾ ಭಾವ!”

ಹೊಸ ಪೈಪು ಕೂತಿತು. ಮೇಸ್ತ್ರಿ ಬ್ರೇಕು ಒತ್ತಿಸಿ, ಬಿಡಿಸಿ, ಮತ್ತೆ ಒತ್ತಿಸಿ ನೋಡಿದ. ಸರಿಯಿದೆ ಎಂದು ತಲೆಯಾಡಿಸಿದ. ಪಾಪು ಹತ್ತಿ ಕೂತ. ಆಚೆ ಬಾಗಿಲು ತೆರೆದುಕೊಂಡಿತು. ನೋಡಿದರೆ ಅಕ್ಕ ಹತ್ತುತ್ತಿದ್ದಾಳೆ.

“ನೀನೆಲ್ಲಿಗಕ್ಕ?”

“ಕೆಳಗಿನವರೆಗೂ ಬರ್ತೀನಿ. ನಡಿ.”

ಅಷ್ಟು ವರ್ಷ ಲಾರಿಗಳ ನಡುವೆ ಬದುಕಿದವಳು ಆ ಇಳುಕಲನ್ನು ಒಂದು ಸಲವೂ ನೋಡಿರಲಿಲ್ಲ. ನಾನೂ ಮೇಸ್ತ್ರಿಯೂ ವ್ಯಾನಿನಲ್ಲಿ ಹಿಂದೆ ಇಳಿದೆವು. ತಿರುವು ಬಂದಾಗೆಲ್ಲ ಲಾರಿಯ ಹಿಂದಿನ ಕೆಂಪು ದೀಪ ಹತ್ತುವುದು, ಭಾರದ ಗಾಡಿ ಮೆಲ್ಲನೆ ತಗ್ಗುವುದು, ದೀಪ ಆರುವುದು. ಮೇಸ್ತ್ರಿ ಅದು ಹತ್ತಿದಾಗ ಉಸಿರು ಹಿಡಿಯುತ್ತಿದ್ದ, ಆರಿದಾಗ ಬಿಡುತ್ತಿದ್ದ. ಅರ್ಧ ಇಳಿದ ಮೇಲೆ ಅವನ ಉಸಿರು ಸರಾಗವಾಯಿತು. ಬುಡ ಮುಟ್ಟುವ ಹೊತ್ತಿಗೆ ಸೀಟಿಗೊರಗಿ ಗೊರಕೆ ಹೊಡೆಯುತ್ತಿದ್ದ. ಕೆಳಗೆ ಲಾರಿ ನಿಂತಿತು. ಇಳಿದು ಬಂದ ಅಕ್ಕನ ಮುಖದಲ್ಲಿ ಗ್ರೀಸು ಹಾಗೇ ಇತ್ತು.

“ಚೆನ್ನಾಗಿದೆ ಅಣ್ಣ ಆ ದಾರಿ,” ಅಂದಳು. “ಕೆಳಗೆಲ್ಲ ಹಸಿರು.”

ಶೆಡ್ಡಿಗೆ ಬಂದವಳು ತಂತಿ ಬಿಚ್ಚಲಿಲ್ಲ, ತೊಳೆಯುವುದನ್ನೂ ಬಿಡಲಿಲ್ಲ. ಕ್ರಮ ಒಂದನ್ನು ಬದಲಾಯಿಸಿದಳು. ಸಾಯುವ ಮಾಲು ಗಾಡಿಯಿಂದ ಬಿಚ್ಚಿದ ಕೂಡಲೇ, ಮಣ್ಣು ಗ್ರೀಸಿನ ಸಮೇತ ಅಲ್ಲೇ ಕುಯ್ಯಬೇಕು. ಮೊದಲು ಕುಯ್ಯಿ, ಆಮೇಲೆ ತೊಳಿ. ಅದು ತುಂಡಾಗುವವರೆಗೆ ಮನೆಯಲ್ಲಿ ಯಾರು ಕೆಮ್ಮಿದರೂ ಇನ್ನೊಬ್ಬರು ಓಡಬೇಕು. ಈ ಮಾತನ್ನು ಮೊದಲು ಒಪ್ಪಿದವರು ಅತ್ತೆಯೇ. “ನಾನು ನಿಧಾನವಾಗಿ ಕೆಮ್ಮುತೀನಿ ಬಿಡು,” ಅಂದರು.

ಯಜಮಾನರು ಮಾತ್ರ ರಾಗ ಎಳೆದರು. “ಮಣ್ಣಲ್ಲಿ ಕುಯ್ದರೆ ಬ್ಲೇಡೆಲ್ಲ ಮೊಂಡಾಗುತ್ತಲ್ಲಮ್ಮ?”

“ಆಗ್ಲಿ ಭಾವ,” ಅಂದಳು.

ಮೊಂಡಾದ ಬ್ಲೇಡುಗಳು ಒಂದು ಡಬ್ಬದಲ್ಲಿ ಸೇರತೊಡಗಿದವು. ಆ ಡಬ್ಬ ಯಾಕೆಂದು ಯಾರೂ ಕೇಳಲಿಲ್ಲ. ಅವಳ ಡಬ್ಬಗಳ ವಿಷಯದಲ್ಲಿ ನಾವು ಪ್ರಶ್ನೆ ಕೇಳುವುದು ಬಿಟ್ಟು ಬಹುಕಾಲವಾಗಿತ್ತು. ಒಂದು ದಿನ ನೋಡಿದರೆ ಅತ್ತೆ ಸೊಸೆ ಬಾಗಿಲ ಬಳಿ ಕೂತು ಬ್ಲೇಡುಗಳನ್ನು ಸಾಣೆಕಲ್ಲಿಗೆ ಉಜ್ಜಿ, ಒಂದು ತುದಿಗೆ ಟ್ಯೂಬಿನ ಪಟ್ಟಿ ಸುತ್ತಿ ಹಿಡಿ ಮಾಡುತ್ತಿದ್ದಾರೆ. ಚಾಕು! ಟ್ಯೂಬು ಕುಯ್ಯಲು ಕತ್ತರಿಗಿಂತ ಹರಿತ.

ಮೊದಲನೆಯ ಚಾಕು ಪಂಕ್ಚರ್ ತಾತನ ಪಾಲಾಯಿತು, ತೇಪೆಯ ಗಂಟಿನ ಜೊತೆಗೆ. ತೆಗೆದುಕೊಂಡು ಹೋದವನು ಪಾಪು. ಆ ಸಲ ಗಂಟು ಮೊಳೆಯಲ್ಲಿ ಉಳಿಯಲಿಲ್ಲ.